ಸ್ವಿಸ್ ಜನರು ತಮ್ಮ ಹಿರಿಯರನ್ನು ಹುಡುಕುವ ಬಗೆ

ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ಹಳೆಯ ಕಟ್ಟಡದ ಮಾಡಿನಿಂದ ಹಂಚುಗಳನ್ನು ಇಳಿಸಿ ತೊಳೆಸುತ್ತಿದ್ದಾಗ, ಏಳನೆಯ ತರಗತಿಯ ಬಾಲಕನೊಬ್ಬನು ಹಂಚೊಂದರ ಮೇಲಿನ ಅಕ್ಷರಗಳನ್ನು ಓದಿ, “ಮಾಷ್ಟ್ರೇ, ಈ ಬಾಸೆಲ್ ಎಂಬವರು ಯಾರು? ಅವರ ಮೊಮ್ಮಕ್ಕಳು ಈಗಲೂ ಮಂಗಳೂರಿನಲ್ಲಿ ಇದ್ದಾರೆಯೇ?” ಎಂದು ಕೇಳಿದನು. ನೆರೆದವರು ನಕ್ಕರು. ಪ್ರಶ್ನೆ ಮಾತ್ರ ನಗುವಂತಹದಲ್ಲ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದಲ್ಲಿರುವ ನಗರ. ಅಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಇದರಿಂದಾಗಿ ನಿಘಂಟನ್ನು ರಚಿಸಿದ ಕಿಟ್ಟೆಲರನ್ನೂ ‘ಮಂಗಳೂರ ಸಮಾಚಾರ’ವನ್ನು ನಡೆಸಿದ ಮೋಗ್ಲಿಂಗರನ್ನೂ ಸ್ವಿಸ್ಸರೆಂದು ಭಾವಿಸುವವರುಂಟು. ಅವರಿಬ್ಬರೂ ಜರ್ಮನಿಯಲ್ಲಿ ಹುಟ್ಟಿದವರು. ಅವರ ಹಿರಿಯರನ್ನು ಸ್ವಿಸ್ ಹಳ್ಳಿಗಳಲ್ಲಿ ಹುಡುಕಹೊರಟರೆ ಶ್ರಮವೆಲ್ಲ ವ್ಯರ್ಥ. ಊರು ಯಾವುದೆಂದು ಮೊದಲು ತಿಳಿಯಬೇಕು. ದಾಖಲೆಯ ಮಾತು ಆಮೇಲೆ.

ಸ್ವಿಸ್ ಪ್ರಜೆಗೆ ಊರೆಂದರೆ ಹುಟ್ಟಿದ ಸ್ಥಳವಲ್ಲ. ಅವನ ಪಾಸ್‌ಪೋರ್ಟಿನಲ್ಲಿ ‘ಮೂಲಗ್ರಾಮ’ವೆಂಬುದು ಬರೆದಿರುತ್ತದೆ, ಜರ್ಮನ್ ಭಾಷೆಯಲ್ಲಿ ಅದನ್ನು ಹೈಮಾಟ್‌ಓರ್ಟ್ ಎನ್ನುವರು. ಅದು ಹಿರಿಯರಿಂದ ಮಕ್ಕಳಿಗೆ ಇಳಿದು ಬರುವಂತಹದು. ಅಜ್ಜನು ಬೆಟ್ಟದ ಹಳ್ಳಿಯನ್ನು ಬಿಟ್ಟು ಬಾಸೆಲಿಗೆ ಕೆಲಸಕ್ಕೆ ಹೋಗಿರಲಿ, ಮೊಮ್ಮಗನು ಜಿನೀವಾದಲ್ಲಿ ಹುಟ್ಟಿರಲಿ, ಕಾಗದದಲ್ಲಿ ಇರುವುದು ಆ ಹಳ್ಳಿಯ ಹೆಸರೇ. ಅವನು ಅದನ್ನು ಕಣ್ಣಿನಿಂದ ಕಂಡಿರಲಿಕ್ಕೂ ಇಲ್ಲ. ನಮ್ಮ ಕಡೆ ದೂರದ ಊರಿನಲ್ಲಿ ನೆಲಸಿದವರೂ ತರವಾಡಿನ ಹೆಸರನ್ನು ಹೇಳುವಂತೆ ಇದು. ಆದರೆ ತರವಾಡು ಮನೆತನದ ಮಾತು. ಅದು ಸರಕಾರದ ಮಾತು.

ಈ ಪದ್ಧತಿ ಬೆಳೆದುದು ಊರಿನ ಮೇಲಣ ಪ್ರೀತಿಯಿಂದಲ್ಲ, ಖರ್ಚಿನ ಭಯದಿಂದ. ಪ್ರತಿಯೊಂದು ಊರೂ ತನ್ನ ಬಡವರನ್ನು ತಾನೇ ಸಾಕತಕ್ಕದ್ದೆಂದು 1551ರಲ್ಲಿ ಅಲ್ಲಿನ ಪ್ರಾಂತಗಳ ಸಭೆಯು ನಿರ್ಣಯಿಸಿತು. ಅಂದಿನಿಂದ ಯಾರು ನಮ್ಮವರು, ಯಾರು ಅಲ್ಲ ಎಂಬ ಲೆಕ್ಕ ಊರಿಗೆ ಬೇಕಾಯಿತು. ಯಾವ ಊರಿಗೂ ಸೇರದ ಅಲೆಮಾರಿಗಳಿಗೆ ಊರನ್ನು ಗೊತ್ತುಮಾಡಲು 1850ರಲ್ಲಿ ಕಾನೂನೇ ಆಯಿತು. ಬೇರೆ ಪ್ರಾಂತದಲ್ಲಿ ನೆರವು ಪಡೆದವನ ವೆಚ್ಚವನ್ನು ಅವನ ಮೂಲಪ್ರಾಂತವು ತೆರಬೇಕೆಂಬ ಕಟ್ಟಳೆ ಪೂರ್ತಿಯಾಗಿ ನಿಂತುದು 2017ರಲ್ಲಿ. ಬಡವನಿಗೆ ಅನ್ನವಿಕ್ಕುವ ಜಗಳದಿಂದ ವಂಶದ ಚರಿತ್ರೆ ಉಳಿದುಬಂದಿತೆಂದರೆ ವಿಚಿತ್ರವೆನಿಸದಿರದು.

ಹುಡುಕುವವರು ಮನೆಯ ಹಿರಿಯರಿಂದಲೇ ಆರಂಭಿಸಿ ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಹೋಗುತ್ತಾರೆ. ಕುಲನಾಮವೊಂದೇ ಸಾಲದು, ಮ್ಯೂಲರ್ ಎಂಬ ಹೆಸರು ಊರೂರಿನಲ್ಲೂ ಇದೆ. 1962ರಲ್ಲಿ ಯಾವ ಕುಲದವರಿಗೆ ಯಾವ ಯಾವ ಗ್ರಾಮದ ಹಕ್ಕಿತ್ತೆಂಬುದನ್ನು ತಿಳಿಸುವ ಕುಲನಾಮಗಳ ಗ್ರಂಥವೊಂದಿದೆ. ಅದರಿಂದ ಊರು ತಿಳಿದರೆ, ಜನನ, ಮರಣ, ವಿವಾಹಗಳ ಸರಕಾರಿ ದಾಖಲೆ ದೇಶಕ್ಕೆಲ್ಲ 1876ರಿಂದ ದೊರೆಯುತ್ತದೆ. ಹತ್ತಿರದ ಕಾಲದ ಪುಸ್ತಕಗಳನ್ನು ಮಾತ್ರ ಎಲ್ಲರಿಗೂ ತೋರಿಸುವುದಿಲ್ಲ. 1876ಕ್ಕೆ ಹಿಂದಿನದಕ್ಕೆ ಇಗರ್ಜಿಯ ಪುಸ್ತಕಗಳೇ ಗತಿ. ಜ್ಯೂರಿಚ್ ಪ್ರಾಂತದಲ್ಲಿ ಇವು 16ನೆಯ ಶತಮಾನದಿಂದಲೇ ಉಂಟು. 1634ರಿಂದ ಪಾದ್ರಿಗಳು ಮನೆಮನೆಯ ಜನರ ಪಟ್ಟಿಯನ್ನೂ ಬರೆದಿಟ್ಟರು.

ಮೋಸಹೋಗುವ ಸ್ಥಳಗಳೂ ಕಡಮೆಯಲ್ಲ. ಶಿಶು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಹುಡುಕುವವರು ಸತ್ತ ಮಗುವಿನಿಂದ ವಂಶವನ್ನು ಬೆಳೆಸಿಬಿಡುವುದುಂಟು. ದಿನಾಂಕದ ತೊಡಕು ಇನ್ನೊಂದು. ಹೊಸ ಪಂಚಾಂಗವನ್ನು ಕೆಥೋಲಿಕ್ ಪ್ರಾಂತಗಳಲ್ಲಿ ಹೆಚ್ಚಿನವು 1584ರಲ್ಲಿ ಸ್ವೀಕರಿಸಿದವು, ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು 1701ರಲ್ಲಿ. ನಡುವಣ ಕಾಲದಲ್ಲಿ ಲುಸರ್ನಿನಲ್ಲಿ ಮಾರ್ಚ್ 15 ಆದ ದಿನ ಜ್ಯೂರಿಚ್‌ನಲ್ಲಿ ಮಾರ್ಚ್ 5! ಎರಡು ಊರುಗಳ ನಡುವೆ ಒಂದು ದಿನದ ಹಾದಿಯೂ ಹೆಚ್ಚಲ್ಲ.

ಈ ಸಂಗತಿಗಳನ್ನು ಬರೆಯಲು ಇನ್ನೊಂದು ಕಾರಣವಿದೆ. ಎರಡು ವರ್ಷಗಳ ಹಿಂದೆ ವೃದ್ಧರೊಬ್ಬರು ನಮ್ಮಲ್ಲಿಗೆ ಬಂದು, ತಮ್ಮ ತಂದೆಯವರು ಈ ಶಾಲೆಗೆ ಸೇರಿದ ದಾಖಲೆಯ ನಕಲನ್ನು ಕೇಳಿದರು. 1956ಕ್ಕೆ ಮುಂಚೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿದ್ದುದರಿಂದ ಅವರು ಎರಡು ರಾಜ್ಯಗಳ ಕಚೇರಿಗಳಿಗೂ ಅಲೆದಿದ್ದರು. ಕನ್ನಡ, ಮಲೆಯಾಳ, ಇಂಗ್ಲಿಷ್ ಕಾಗದಗಳಲ್ಲಿ ತಂದೆಯ ಹೆಸರು ಮೂರು ವಿಧವಾಗಿತ್ತು. ಮೊದಲನೆಯದು ಹೇಗಿತ್ತೆಂದು ತಿಳಿಯಬೇಕಾಗಿತ್ತು. ನಾವು ಪುಸ್ತಕವನ್ನು ತೆರೆದೆವು. ಆ ಹಾಳೆಯನ್ನು ಗೆದ್ದಲು ತಿಂದಿತ್ತು. ಹೆಸರಿನ ಮೊದಲನೆಯ ಅಕ್ಷರವೂ, ತಂದೆಯ ವೃತ್ತಿಯ ಸ್ಥಾನದಲ್ಲಿ ‘ಬೇಸಾಯ’ವೆಂಬ ಮಾತೂ ಮಾತ್ರ ಉಳಿದಿದ್ದವು. ಅವರು ಆ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿ, ನಮಗೆ ಕೈಮುಗಿದು ಹೋದರು. ಪುಸ್ತಕವನ್ನು ಕಾಯಬೇಕಾದವರು ನಾವೇ ಆಗಿದ್ದೆವು.

ಅನಂತರ ಪ್ರತಿ ಶನಿವಾರ ಅಪರಾಹ್ನ, ಅಕ್ಷರ ದುಂಡಾಗಿರುವ ಮಕ್ಕಳಿಂದ ಹಳೆಯ ದಾಖಲಾತಿ ಪುಸ್ತಕಗಳ ಪ್ರತಿಯನ್ನು ಮಾಡಿಸುತ್ತಿದ್ದೇವೆ. ಹಂಚಿನ ಪ್ರಶ್ನೆ ಕೇಳಿದ ಬಾಲಕನೂ ಅವರಲ್ಲೊಬ್ಬನು. ಕೆಲಸ ಈಗ 1948ರ ಪುಸ್ತಕದವರೆಗೆ ಬಂದಿದೆ. ಹರಿದ ಹಾಳೆಗಳಲ್ಲಿ ಹೋದ ಹೆಸರುಗಳು ಮನೆಯ ಹಳೆಯ ಜಾತಕದಲ್ಲಿಯೋ ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿಯೋ ಇದ್ದರೆ ಹೆತ್ತವರು ಅವನ್ನು ತಂದು ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ನೋಡಿ ಬರೆದುಕೊಂಡು ಅಂದೇ ಹಿಂದಿರುಗಿಸುವೆವು.