‘ಹೋಗ್ಯದ’ ಎಂಬ ಮಾತೂ ಫ್ರೆಂಚರ ಸಂಯುಕ್ತ ಭೂತಕಾಲವೂ

ಅಫಜಲಪುರದ ಬಸ್ ನಿಲ್ದಾಣಕ್ಕೆ ಗಂಟನ್ನು ಹೊತ್ತು ಏದುತ್ತ ಬಂದ ಮುದುಕಿಯೊಬ್ಬಳು ‘ಯಪ್ಪಾ, ಗಾಣಗಾಪುರದ ಬಸ್ ಬಂದದೇನೋ?’ ಎಂದು ಕೇಳಿದರೆ, ಕಟ್ಟೆಯ ಮೇಲೆ ಕುಳಿತವನು ‘ಬಂದು ಹೋಗ್ಯದ ನೋಡಬೇ’ ಎನ್ನುತ್ತಾನೆ. ‘ಹೋಯಿತು’ ಎಂದಿದ್ದರೆ ಅದು ಬರಿಯ ವೃತ್ತಾಂತ. ‘ಹೋಗ್ಯದ’ ಎಂದಾಗಲಾದರೋ ಬರಿದಾದ ನಿಲ್ದಾಣವೂ ಮುದುಕಿ ಇನ್ನು ಕಾಯಬೇಕಾದ ಹೊತ್ತೂ ಆ ಒಂದು ಕ್ರಿಯಾಪದದೊಳಗೇ ಬಂದು ಕೂಡುತ್ತವೆ.

ಇಂಥ ರೂಪಗಳನ್ನು ಅಪಭ್ರಂಶವೆಂದು ಕಡೆಗಣಿಸುವವರು ಈಗಲೂ ಉಂಟು. ‘ಹೋಗಿ’ ಎಂಬ ಕೃದಂತಕ್ಕೆ ‘ಅದ’ ಎಂಬ ವರ್ತಮಾನದ ಸಹಾಯಕ್ರಿಯೆ ಸಂಧಿಸಿ ‘ಹೋಗ್ಯದ’ ಆಗಿದೆಯೆಂಬುದನ್ನೂ, ‘ಬಂದಿದ್ದಾನೆ’ ಎಂಬ ಗ್ರಂಥರೂಪಕ್ಕೂ ಆಳಂದದ ‘ಬಂದಾನ’ಕ್ಕೂ ರಚನೆ ಒಂದೇ ಎಂಬುದನ್ನೂ ಅವರು ಗಮನಿಸಿರಲಾರರು. ದಕ್ಷಿಣದ ನನ್ನ ಮಿತ್ರರೊಬ್ಬರು ಜೇವರ್ಗಿಯಲ್ಲಿ ‘ಸಾಹೇಬರು ಬಂದಾರ’ ಎಂಬ ಉತ್ತರವನ್ನು ‘ಬಂದಾರು’ ಎಂಬ ಸಂಭಾವನಾರ್ಥವಾಗಿ ಗ್ರಹಿಸಿ, ಒಳಗೇ ಇದ್ದ ಸಾಹೇಬರಿಗಾಗಿ ಹೊರಗೆ ಒಂದು ತಾಸು ಕಾದರು!

ಫ್ರೆಂಚ್ ಕಲಿಯಹೊರಟ ನಮ್ಮವರು ‘ಪಾಸೇ ಕೋಂಪೋಸೇ’ ಎಂಬ ಸಂಯುಕ್ತ ಭೂತಕಾಲವನ್ನು ಕಂಡು ಹಿಮ್ಮೆಟ್ಟುವುದು, ಅದನ್ನು ಮನೆಯ ಮಾತಿನಿಂದಲ್ಲದೆ ಶಾಲೆಯ ಇಂಗ್ಲಿಷಿನಿಂದ ಅಳೆಯುವುದರಿಂದಲೇ ಎಂದು ನನಗೆ ತೋರುತ್ತದೆ. ‘ಹ್ಯಾವ್’ ಇದ್ದೆಡೆಯಲ್ಲೆಲ್ಲ ‘ಅವ್ವಾರ್’ ಇಟ್ಟರೆ ಸಾಕೆಂಬುದು ಮೊದಲನೆಯ ಭ್ರಮೆ. ಬಹುಪಾಲು ಧಾತುಗಳಿಗೆ ಅದು ಸಲ್ಲುವುದಾದರೂ, ಬರುವುದು, ಹೋಗುವುದು, ಹುಟ್ಟುವುದು, ಸಾಯುವುದು ಮೊದಲಾದ ಸುಮಾರು ಹದಿನೈದು ಧಾತುಗಳೂ ಆತ್ಮಾರ್ಥಕಗಳೆಲ್ಲವೂ ‘ಇರು’ ಎಂಬರ್ಥದ ‘ಎತ್ರ್’ ಅನ್ನೇ ಬೇಡುತ್ತವೆ. ‘ಝ ಸ್ವಿ ವನ್ಯು’ ಎಂದರೆ ರಚನೆಯಲ್ಲಿ ನೇರವಾಗಿ ನಮ್ಮ ‘ಬಂದೀನಿ’. ‘ಹೊಂದಿರು’ ಎಂಬ ಸಹಾಯಕ್ರಿಯೆಯೇ ಇಲ್ಲದ ಕನ್ನಡಿಗನಿಗೆ ಅಪರಿಚಿತವಾಗಬೇಕಾದುದು ‘ಅವ್ವಾರ್’ ಹೊರತು ‘ಎತ್ರ್’ ಅಲ್ಲ.

ಹಾಗೆಂದು ಚಲನಾರ್ಥಕ ಧಾತುಗಳಿಗೆಲ್ಲ ‘ಎತ್ರ್’ ಎಂದರೆ ಅದೂ ತಪ್ಪೇ; ನಡೆಯುವುದಕ್ಕೂ ಓಡುವುದಕ್ಕೂ ‘ಅವ್ವಾರ್’ ಬರುತ್ತದೆ. ತಾನು ಇಳಿದರೆ ‘ಝ ಸ್ವಿ ದೆಸಾಂದ್ಯು’, ಪೆಟ್ಟಿಗೆಯನ್ನು ಇಳಿಸಿದರೆ ‘ಝೆ ದೆಸಾಂದ್ಯು ಲಾ ವಲೀಝ್’. ಕರ್ಮಪದ ಬಂದೊಡನೆ ಸಹಾಯಕ್ರಿಯೆ ಪಲ್ಲಟವಾಗುತ್ತದೆ.

ಕೃದಂತವು ಲಿಂಗಕ್ಕನುಸಾರವಾಗಿ ಮಾರ್ಪಡುವುದು ಫ್ರೆಂಚರ ವಿಚಿತ್ರ ಛಲವೆಂಬ ಇನ್ನೊಂದು ನಂಬಿಕೆ ಆಳಂದದ ಸಂತೆಯಲ್ಲಿ ಅರ್ಧ ತಾಸು ನಿಂತರೆ ಕರಗಿಹೋಗುವಂಥದು. ಸತ್ತವನು ‘ಮೋರ್’, ಸತ್ತವಳು ‘ಮೋರ್ತ್’ ಆಗುವುದಕ್ಕೂ, ಅಲ್ಲಿ ಕಿವಿಗೆ ಬೀಳುವ ಮರಾಠಿಯ ‘ಗೆಲಾ ಆಹೆ’, ‘ಗೆಲೀ ಆಹೆ’ಗಳಿಗೂ ಭೇದವೇನು? ‘ಮೀ ಚಿಠ್ಠೀ ಲಿಹಿಲೀ ಆಹೆ’ ಎಂಬಲ್ಲಿ ಬರೆದವನು ಗಂಡಸಾದರೂ, ಚಿಠ್ಠಿ ಸ್ತ್ರೀಲಿಂಗವಾದ್ದರಿಂದ ಕ್ರಿಯೆ ಚಿಠ್ಠಿಯನ್ನೇ ಅನುಸರಿಸುತ್ತದೆ. ಫ್ರೆಂಚಿನಲ್ಲಿಯೂ ಪತ್ರ ಸ್ತ್ರೀಲಿಂಗವೇ. ಆದರೆ ‘ಅವ್ವಾರ್’ ಇರುವಲ್ಲಿ ಕೃದಂತವು ಕರ್ಮವನ್ನು ಅನುಸರಿಸುವುದು ಕರ್ಮ ಮುಂಚಿತವಾಗಿ ಬಂದಾಗ ಮಾತ್ರ. ‘ಝೆ ಎಕ್ರಿ ಲಾ ಲೆತ್ರ್’ ಎಂದರೆ ಮಾರ್ಪಾಡಿಲ್ಲ. ‘ಲಾ ಲೆತ್ರ್ ಕ ಝೆ ಎಕ್ರಿತ್’, ಅಂದರೆ ‘ನಾನು ಬರೆದ ಪತ್ರ’, ಎಂದೊಡನೆ ಕೊನೆಯ ತಕಾರ ಕೇಳಿಸುತ್ತದೆ. ಹದಿನಾರನೆಯ ಶತಮಾನದ ಕವಿ ಕ್ಲೆಮಾಂ ಮಾರೊ ಇಟಲಿಯವರ ಮೇಲ್ಪಂಕ್ತಿಯನ್ನು ತೋರಿ ಪ್ರತಿಪಾದಿಸಿದ ಈ ನಿಯಮದಲ್ಲಿ ಫ್ರೆಂಚರೇ ಇಂದಿಗೂ ಎಡವುತ್ತಾರೆ. ಮರಾಠಿಯ ಹಾದಿ ಇದಕ್ಕಿಂತ ನೇರವೆಂದೇ ನನ್ನ ಮತ.

‘ನಿನ್ನೆ’ ಎಂಬ ಪದದೊಡನೆ ಈ ಕಾಲವನ್ನು ಬಳಸಬಾರದೆಂಬ ಶಂಕೆಯೂ ಇಂಗ್ಲಿಷಿನ ಕೊಡುಗೆ. 1660ರ ಪೋರ್-ರೊಯಾಲ್ ವ್ಯಾಕರಣವು, ನಡೆದು ಒಂದು ದಿನವಾದರೂ ಕಳೆದ ಸಂಗತಿಗೆ ಸರಳ ಭೂತಕಾಲವೇ ತಕ್ಕುದೆಂದು ವಿಧಿಸಿದ್ದುಂಟು. ಆದರೆ ಆ ಸರಳ ಭೂತ ಈಗ ಪುಸ್ತಕಗಳಲ್ಲಿ ಉಳಿದು ಸಂಭಾಷಣೆಯಿಂದ ಬಹುತೇಕ ಮರೆಯಾಗಿದೆ. ನಿನ್ನೆಯ ಸಂಗತಿಗೂ ನೂರು ವರ್ಷದ ಹಿಂದಿನದಕ್ಕೂ ಮಾತಿನಲ್ಲಿ ಸಂಯುಕ್ತರೂಪವೇ. ಆದಕಾರಣ ‘ಲ ಬ್ಯುಸ್ ಎ ಪಾರ್ತಿ’ ಎಂಬುದು ‘ಬಸ್ಸು ಹೋಯಿತು’ ಎಂಬುದಕ್ಕೂ ಸಲ್ಲುತ್ತದೆ, ‘ಹೋಗ್ಯದ’ ಎಂಬುದಕ್ಕೂ ಸಲ್ಲುತ್ತದೆ. ಅಫಜಲಪುರದ ಕಟ್ಟೆಯವನು ಕ್ರಿಯಾಪದವೊಂದರಿಂದಲೇ ಬೇರ್ಪಡಿಸಿ ಹೇಳುವುದನ್ನು ಪ್ಯಾರಿಸಿನವನು ‘ಆಗಲೇ’, ‘ನಿನ್ನೆ’ ಎಂಬ ಬೇರೊಂದು ಪದವನ್ನು ಕೂಡಿಸಿ ಹೇಳಬೇಕಾಗುತ್ತದೆ.