ಮೂರನೇ ರಾತ್ರಿಯ ಪಾಯಿಂಟು ಯಾರಿಗೆ?

ದಾವಣಗೆರೆ: ದೀಪಾವಳಿಗೆ ಮುಂಚೆ ಮಾಲು ತರಲೆಂದು ಮುಂಬೈಗೆ ಹೋಗಿದ್ದ ಇಲ್ಲಿನ ಜವಳಿ ವ್ಯಾಪಾರಿಯೊಬ್ಬರು ದೊಡ್ಡ ಕಂಪನಿಯ ಹೋಟೆಲೊಂದರಲ್ಲಿ ಮೂರು ರಾತ್ರಿಗೆ ರೂಮು ಹಿಡಿದಿದ್ದರು. ಎರಡನೇ ದಿನ ರಾತ್ರಿ ಊಟ ಮುಗಿಸಿ ಮಲಗಿದವರಿಗೆ ಬೆಳಗಿನ ಜಾವ ಮನೆಯಿಂದ ಫೋನು. ಮಗಳಿಗೆ ಹೆರಿಗೆ ನೋವು, ಹದಿನೈದು ದಿನ ಮೊದಲೇ! ಮಾಲಿನ ಗಂಟನ್ನು ಲಾರಿ ಆಫೀಸಿಗೆ ಹಾಕಿ ಸಿಕ್ಕಿದ ಬಸ್ಸು ಹತ್ತಿದರು. ಮೊಮ್ಮಗ ಬಂದ. ಮೂರನೇ ರಾತ್ರಿಯ ಬಾಡಿಗೆ ವಾಪಸು ಬರಲಿಲ್ಲ. ಮಗ ಆಸೆ ಹುಟ್ಟಿಸಿದ್ದ ‘ಪಾಯಿಂಟು’ಗಳಂತೂ ಒಂದೂ ಬರಲಿಲ್ಲ.

“ಇದ್ದದ್ದು ಎರಡು ರಾತ್ರಿ, ಕೊಟ್ಟಿದ್ದು ಮೂರರ ದುಡ್ಡು, ಸಿಕ್ಕಿದ್ದು ಸೊನ್ನೆ. ಇದ್ಯಾವ ಲೆಕ್ಕ ರೀ?” ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತು ಕೇಳುತ್ತಾರೆ ಅವರು.

ಈ ಕಡೆ ಹೋಟೆಲ್ ಎಂದರೆ ಬೆಣ್ಣೆದೋಸೆ, ಮಲಗುವುದಕ್ಕೆ ಲಾಡ್ಜು. ಲಾಡ್ಜಿನ ಮ್ಯಾನೇಜರಿಗೆ ಗಿರಾಕಿಯ ಮುಖವೇ ಪಾಯಿಂಟು; “ಈ ಸಲ ಬರಕ್ಕಾಗಲ್ಲ” ಎಂದು ಒಂದು ಫೋನು ಹಾಕಿದರೆ ಸಾಕು. ದೊಡ್ಡ ಕಂಪನಿಗಳಿಗೆ ಮುಖವಿಲ್ಲ, ಮೆಂಬರ್ ನಂಬರಿದೆ. ಅಮೆರಿಕದಲ್ಲಿ ವಿಮಾನ ಕಂಪನಿಯವರು 1981ರಲ್ಲಿ ಹೂಡಿದ ಉಪಾಯವನ್ನು ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲಿನವರು 1983ರಲ್ಲಿ ಹಿಡಿದುಕೊಂಡರು. ಈಗ ಮ್ಯಾರಿಯಟ್‌ನವರ ಹೆಚ್ಚಿನ ಹೋಟೆಲುಗಳಲ್ಲಿ ಡಾಲರಿಗೆ 10 ಪಾಯಿಂಟು, ತೆರಿಗೆ ಬಿಟ್ಟು. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 18,000 ರೂಪಾಯಿ ಬಾಡಿಗೆಗೆ 2,000 ಪಾಯಿಂಟು. ಹನಿಗೂಡಿ ಹಳ್ಳವಾದ ಮೇಲೆ ಒಂದು ರಾತ್ರಿ ಪುಕ್ಕಟೆ ಮಲಗಬಹುದು.

ವ್ಯಾಪಾರಿ ಮಹಾಶಯರು ಎಡವಿದ್ದು ಹೊರಟ ದಿನವಲ್ಲ, ರೂಮು ಹಿಡಿದ ದಿನ. 300 ರೂಪಾಯಿ ಕಮ್ಮಿ ಎಂದು ಮಧ್ಯವರ್ತಿ ಆ್ಯಪಿನಲ್ಲಿ ಬುಕ್ ಮಾಡಿದ್ದರು. ಮಧ್ಯವರ್ತಿಗೆ ಕಮಿಷನ್ ಕೊಟ್ಟ ಹೋಟೆಲು ಗಿರಾಕಿಗೂ ಪಾಯಿಂಟು ಕೊಡುವುದಿಲ್ಲ. ಈ ದೊಡ್ಡ ಕಂಪನಿಗಳಲ್ಲಿ ಇದು ಸಾಮಾನ್ಯ ನಿಯಮ. ಕೌಂಟರಿನಲ್ಲಿ ಕೇಳಿದ್ದಕ್ಕೆ “ಬುಕ್ ಮಾಡಿದವರನ್ನೇ ಕೇಳಿ ಸಾರ್” ಎಂದರಂತೆ. ಅವರನ್ನು ಕೇಳಿದರೆ “ಇದು ರೀಫಂಡ್ ಇಲ್ಲದ ದರ.” ಮುಗಿಯಿತು.

ನೇರವಾಗಿ ಹೋಟೆಲಿನವರಲ್ಲೇ, ರದ್ದು ಮಾಡಬಹುದಾದ ದರದಲ್ಲಿ ಹಿಡಿದಿದ್ದರೆ ಇದ್ದ ಎರಡು ರಾತ್ರಿಯ ಪಾಯಿಂಟಾದರೂ ಖಾತೆಗೆ ಬೀಳುತ್ತಿತ್ತು. ಮೊದಲೇ ಹೊರಟರೆ ಕೆಲವು ಕಡೆ ದಂಡ ಹಾಕುವುದುಂಟು, ಅದನ್ನು ರೂಮು ಹಿಡಿಯುವಾಗಲೇ ಕೇಳಿಕೊಳ್ಳಬೇಕು.

ಎರಡನೇ ಸಲ ಅವರು ಹುಷಾರಾದರು. ನೇರವಾಗಿಯೇ ಬುಕ್ ಮಾಡಿದರು. ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ತೆರಿಗೆ ಲೆಕ್ಕದ ತಾಪತ್ರಯ ಬಂತು. ರೂಮು ಹಾಳಾಗದಿರಲಿ ಎಂದು ಹೆಸರು ಬದಲಿಸಿ ಭಾಮೈದನನ್ನು ಕಳಿಸಿದರು. ಬಾಡಿಗೆ ಇವರದು, ಮೆಂಬರ್ ನಂಬರೂ ಇವರದೇ. ಪಾಯಿಂಟು? ಮತ್ತೆ ಸೊನ್ನೆ! ಸದಸ್ಯ ಖುದ್ದಾಗಿ ತಂಗಿರಬೇಕು ಎಂಬುದು ಷರತ್ತು. ಮ್ಯಾರಿಯಟ್‌ನಲ್ಲಿ ಒಬ್ಬ ಸದಸ್ಯ ಮೂರು ರೂಮಿನವರೆಗೆ ಪಾಯಿಂಟು ಪಡೆಯಬಹುದು. ಆದರೆ ಒಂದರಲ್ಲಿ ಅವನೇ ಇರಬೇಕು, ದುಡ್ಡೂ ಅವನೇ ಕಟ್ಟಬೇಕು. ಮದುವೆಗೆ ಹೋಗುವವರು ಇದನ್ನು ನೆನಪಿಡುವುದು ಒಳ್ಳೆಯದು. ಸದಸ್ಯತ್ವ ಪುಕ್ಕಟೆ. ಭಾಮೈದನೇ ಸದಸ್ಯನಾಗಿ ತನ್ನ ನಂಬರು ಬರೆಸಿದ್ದರೆ ಅವನ ಖಾತೆಗಾದರೂ ಬರುತ್ತಿತ್ತು. “ಅವನಿಗೆ ಬಂದ್ರೆ ನನಗೇನ್ ಬಂತು?” ಎನ್ನುತ್ತಾರೆ ಭಾವ.

ಇನ್ನೊಂದು ಗುಟ್ಟು. ಕೂಡಿಟ್ಟ ಪಾಯಿಂಟಿಗೂ ಆಯಸ್ಸಿದೆ. 24 ತಿಂಗಳು ಖಾತೆಯಲ್ಲಿ ಏನೂ ಅಲುಗಾಡದಿದ್ದರೆ ಮ್ಯಾರಿಯಟ್‌ನ ಪಾಯಿಂಟು ಮಾಯ. 2020ರ ಕೊರೋನಾದಲ್ಲಿ ಜಗತ್ತಿನ ಪ್ರಯಾಣವೆಲ್ಲ ರದ್ದಾದಾಗ ದೊಡ್ಡ ಹೋಟೆಲ್ ಕಂಪನಿಗಳು ಈ ಗಡುವನ್ನು ಸ್ವಲ್ಪ ಕಾಲ ತಡೆಹಿಡಿದಿದ್ದವು. ಒಬ್ಬ ಗಿರಾಕಿಯ ಮನೆಯ ಹೆರಿಗೆಗೆ ಅಂಥ ರಿಯಾಯಿತಿ ಇಲ್ಲ.

ಯುಗಾದಿ ಮಾಲಿಗೆ ಅವರು ಮತ್ತೆ ಹೊರಟಿದ್ದಾರೆ. ನೇರ ಬುಕ್ಕಿಂಗು, ಹಿಂದಿನ ದಿನದವರೆಗೆ ರದ್ದು ಮಾಡಬಹುದಾದ ದರ, ರಾತ್ರಿಗೆ 700 ರೂಪಾಯಿ ಜಾಸ್ತಿ. ಬರೀ ಪಾಯಿಂಟಿನ ಆಸೆಗೆ ಇಷ್ಟು ಕೊಡುವುದಾದರೆ ಅದು ದಡ್ಡತನವೇ ಸರಿ. ಪಕ್ಕದ ಅಂಗಡಿಯವರು ಅದನ್ನೇ ಅಂದರು.

“ಪಾಯಿಂಟಿಗಲ್ಲ ಮಾರಾಯ್ರೇ,” ಎಂದರು ಇವರು. “ಮೊಮ್ಮಗನ ಜವಳ ಯಾವತ್ತು ಅಂತ ಬೀಗರು ಇನ್ನೂ ಹೇಳಿಲ್ಲ.”