ಉರುವಲ ಜಾಡಿನಲ್ಲಿ ಗಾಜಿನ ಊರುಗಳು

ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ಅಪ್ಪ-ಅಮ್ಮಂದಿರು ನಯಾಗರಾ ನೋಡದೆ ವಾಪಸು ಬರುವುದುಂಟೇ? ಆ ದಾರಿಯ ಮಧ್ಯದಲ್ಲಿ, ನ್ಯೂಯಾರ್ಕ್ ರಾಜ್ಯದ ಕಣಿವೆಯೊಂದರಲ್ಲಿ, ಕಾರ್ನಿಂಗ್ ಎಂಬ ಪುಟ್ಟ ಊರು ಸಿಗುತ್ತದೆ. ಟೂರ್ ಬಸ್ಸುಗಳು ಅಲ್ಲಿನ ಗಾಜಿನ ಮ್ಯೂಸಿಯಂ ಎದುರು ಸ್ವಲ್ಪ ಹೊತ್ತು ನಿಲ್ಲುತ್ತವೆ. ಜನ ಇಳಿದು, ಗಾಜು ಊದುವುದನ್ನು ನೋಡಿ, ಅಂಗಡಿ ಸುತ್ತಿ, ಮತ್ತೆ ಬಸ್ಸು ಹತ್ತುತ್ತಾರೆ. ಈ ಊರಿಗೆ ಅಷ್ಟು ಹೊತ್ತು ಖಂಡಿತ ಸಾಲದು. ಕಾರ್ನಿಂಗ್ ಅನ್ನು ನಡುವೆ ಇಟ್ಟುಕೊಂಡು ಒಂದು ವಾರದ ಕಾರು ಪ್ರಯಾಣ ಹಾಕಿಕೊಂಡರೆ, ಅಮೆರಿಕದ ಗಾಜಿನ ಕಥೆಯನ್ನೇ ರಸ್ತೆಯ ಮೇಲೆ ಓದಿಕೊಂಡು ಹೋಗಬಹುದು.

ಮರಳು, ಸೋಡಾ, ಸುಣ್ಣಕಲ್ಲು ಸೇರಿಸಿ ಕರಗಿಸಿದರೆ ಗಾಜು. ಆದರೆ ಗಾಜಿನ ಊರುಗಳ ಹಣೆಬರಹ ಬರೆದದ್ದು ಮರಳಲ್ಲ, ಉರುವಲು. ಕುಲುಮೆ ಹಗಲೂ ರಾತ್ರಿ ಉರಿಯಬೇಕು. ಮೊದಲು ಕಾಡು, ಆಮೇಲೆ ಕಲ್ಲಿದ್ದಲು, ಕೊನೆಗೆ ನೈಸರ್ಗಿಕ ಅನಿಲ: ಇವು ಎಲ್ಲಿ ಸಿಕ್ಕವೋ ಅಲ್ಲಿಗೆ ಕಾರ್ಖಾನೆಗಳು ಗಂಟುಮೂಟೆ ಕಟ್ಟಿದವು. ಪ್ರಯಾಣದ ದಾರಿಯನ್ನೂ ಇದೇ ಕ್ರಮದಲ್ಲಿ ಹಾಕಿಕೊಳ್ಳುವುದು ಚೆಂದ.

ಆರಂಭ ದಕ್ಷಿಣ ನ್ಯೂಜೆರ್ಸಿಯಿಂದ. ಕ್ಯಾಸ್ಪರ್ ವಿಸ್ಟರ್ ಎಂಬ ಗುಂಡಿ ವ್ಯಾಪಾರಿ 1739ರಲ್ಲಿ ಇಲ್ಲಿ ಕುಲುಮೆ ಹೂಡಿದ. ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ನೆಲೆನಿಂತ ಮೊದಲ ಗಾಜಿನ ಕಾರ್ಖಾನೆ ಅದು. ಒಳ್ಳೆಯ ಮರಳು, ಪೈನ್ ಕಾಡು ಎರಡೂ ಇಲ್ಲಿ ಒಟ್ಟಿಗಿದ್ದವು. ಮಿಲ್‌ವಿಲ್ ಊರಿನ ವೀಟನ್ ಆರ್ಟ್ಸ್ ಆವರಣದಲ್ಲಿ ಅಮೆರಿಕನ್ ಗಾಜಿನ ಮ್ಯೂಸಿಯಂ ಇದೆ. 1888ರ ಕಾರ್ಖಾನೆಯ ಮಾದರಿಯಲ್ಲಿ ಕಟ್ಟಿದ ಕುಲುಮೆಮನೆಯೂ ಇದೆ. ಔಷಧದ ಸೀಸೆಗಳೇ ಇಲ್ಲಿನ ಜೀವಾಳ. ಅರ್ಧ ದಿನ ಸಾಕು.

ಅಲ್ಲಿಂದ ಉತ್ತರಕ್ಕೆ, ಬಾಸ್ಟನ್‌ಗೆ ಮೊದಲೇ ಸಿಗುವ ಕೇಪ್ ಕಾಡ್‌ನ ಸ್ಯಾಂಡ್‌ವಿಚ್. ಕಡಲತೀರದ ಊರು, ಹಾಗಾಗಿ ಮರಳಿಗಾಗಿಯೇ ಕಾರ್ಖಾನೆ ಬಂದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿನ ಮರಳು ಒಳ್ಳೆಯ ಗಾಜಿಗೆ ಆಗಿಬರುವಂಥದ್ದಲ್ಲ. ಡೆಮಿಂಗ್ ಜಾರ್ವ್ಸ್ 1825ರಲ್ಲಿ ಇಲ್ಲಿ ಕಾರ್ಖಾನೆ ತೆರೆದದ್ದು ಸುತ್ತಲಿನ ಕಾಡಿನ ಸೌದೆಗಾಗಿ. ಮರಳು ನ್ಯೂಜೆರ್ಸಿಯಿಂದ ಹಡಗಿನಲ್ಲಿ ಬರುತ್ತಿತ್ತು! ಕರಗಿದ ಗಾಜನ್ನು ಕಬ್ಬಿಣದ ಅಚ್ಚಿಗೆ ಹಾಕಿ ಒತ್ತಿ ತೆಗೆಯುವ ವಿಧಾನ ಇಲ್ಲಿ ದೊಡ್ಡದಾಗಿ ಬೆಳೆಯಿತು. ಗಾಜಿನ ತಟ್ಟೆ ಸಾಮಾನ್ಯರ ಮನೆಗೂ ಬಂತು. ತಣ್ಣನೆಯ ಅಚ್ಚು ತಾಗಿದಾಗ ಗಾಜಿನ ಮೈಮೇಲೆ ಸುಕ್ಕು ಬೀಳುತ್ತದೆ. ಅದನ್ನು ಮರೆಮಾಚಲು ಅಚ್ಚಿನ ತುಂಬ ಸಣ್ಣ ಸಣ್ಣ ಚುಕ್ಕಿ ಕೊರೆದರು. ಲೇಸ್ ಹೆಣೆದಂತೆ ಮಿನುಗುವ ಆ ತಟ್ಟೆಗಳ ಸೊಗಸು ಹುಟ್ಟಿದ್ದೇ ಹೀಗೆ. ಊರಿನ ಗಾಜಿನ ಮ್ಯೂಸಿಯಂನಲ್ಲಿ ಒಂದನ್ನಾದರೂ ಬೆಳಕಿಗೆ ಎದುರಾಗಿ ನಿಂತು ನೋಡಿ.

ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಕುಲುಮೆ ಇಲ್ಲ, ಆದರೂ ಬಿಡಬಾರದು. ಹಾರ್ವರ್ಡ್‌ನ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿ ಗಾಜಿನ ಹೂಗಳಿವೆ. ಜರ್ಮನಿಯ ಡ್ರೆಸ್ಡೆನ್ ಬಳಿ ಇದ್ದ ಲಿಯೊಪೋಲ್ಡ್ ಬ್ಲಾಷ್ಕಾ ಮತ್ತು ಮಗ ರುಡಾಲ್ಫ್, 1887ರಿಂದ 1936ರವರೆಗೆ, ಸುಮಾರು 4,300 ಮಾದರಿಗಳನ್ನು ಮಾಡಿಕೊಟ್ಟರು. ತಂದೆ ತೀರಿಕೊಂಡ ಮೇಲೆ ನಾಲ್ಕು ದಶಕ ಮಗ ಒಬ್ಬನೇ ದುಡಿದ. ಒಣಗಿಸಿದ ಗಿಡ ಬಣ್ಣ ಕಳೆದುಕೊಳ್ಳುತ್ತದೆ, ವಿದ್ಯಾರ್ಥಿಗೆ ಹೂವಿನ ಒಳಗು ಕಾಣಬೇಕು ಎಂಬುದು ಇವನ್ನು ಮಾಡಿಸಿದ ಸಸ್ಯವಿಜ್ಞಾನಿ ಜಾರ್ಜ್ ಗೂಡೇಲ್ ಅವರ ಆಸೆ. ದೀಪದ ಉರಿಗೆ ಗಾಜಿನ ಕಡ್ಡಿ ಹಿಡಿದು, ಎಳೆದು, ಚಿವುಟಿ ಮಾಡಿದ ಕೆಲಸ ಇದು. ಕೇಸರಗಳ ತುದಿಯ ಪರಾಗದವರೆಗೂ ತಿದ್ದಿದ್ದಾರೆ. ಕರಾವಳಿಯವರು ಗೇರುಗಿಡದ ಮಾದರಿಯ ಮುಂದೆ ಕಣ್ಣುಜ್ಜಿಕೊಂಡು ನಿಲ್ಲುವುದು ಖಂಡಿತ. ನನ್ನನ್ನು ಹೆಚ್ಚು ಹಿಡಿದಿಡುವುದು ಕೊಳೆತ ಹಣ್ಣುಗಳು. ಬೂಷ್ಟು ಹಿಡಿದ, ರೋಗ ತಗುಲಿದ ಹಣ್ಣುಗಳನ್ನೂ ರುಡಾಲ್ಫ್ ಅದೇ ಶ್ರದ್ಧೆಯಿಂದ ಗಾಜಿನಲ್ಲಿ ಮಾಡಿದ್ದಾನೆ. ಚೆಲುವಿಗಿಂತ ನಿಜ ಮುಖ್ಯ ಎಂದು ನಂಬಿದ ಕೈ ಅದು.

ಕೇಂಬ್ರಿಜ್‌ನಿಂದ ಪಶ್ಚಿಮಕ್ಕೆ ಸುಮಾರು ಆರು ಗಂಟೆ ಓಡಿಸಿದರೆ ಕಾರ್ನಿಂಗ್. ಬ್ರೂಕ್ಲಿನ್‌ನಲ್ಲಿದ್ದ ಗಾಜಿನ ಕಾರ್ಖಾನೆ 1868ರಲ್ಲಿ ಇಲ್ಲಿಗೆ ಬಂತು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಇಲ್ಲಿಗೆ ಸುಲಭವಾಗಿ ಬರುತ್ತಿತ್ತು. ಥಾಮಸ್ ಎಡಿಸನ್‌ನ ಬಲ್ಬಿಗೆ ಗಾಜಿನ ಬುರುಡೆ ಊದಿದ್ದು ಈ ಊರು. ನಮ್ಮವರು ದಟ್ಟವಾಗಿ ನೆಲೆಸಿರುವ ನ್ಯೂಜೆರ್ಸಿಯ ಎಡಿಸನ್ ಪಟ್ಟಣಕ್ಕೆ ಹೆಸರು ಬಂದದ್ದೂ ಅದೇ ಎಡಿಸನ್‌ನಿಂದ. ಆ ಪಟ್ಟಣದಿಂದ ಊರಿಗೆ ಮಾಡುವ ವಿಡಿಯೊ ಕರೆ ಇವತ್ತು ಗಾಜಿನ ಎಳೆಗಳ ಮೂಲಕವೇ ಹರಿದುಬರುತ್ತದೆ. ದೂರಸಂಪರ್ಕಕ್ಕೆ ಒದಗುವಂಥ ಎಳೆಯನ್ನು 1970ರಲ್ಲಿ ಮಾಡಿ ತೋರಿಸಿದವರೂ ಕಾರ್ನಿಂಗ್‌ನ ವಿಜ್ಞಾನಿಗಳೇ.

1951ರಲ್ಲಿ ತೆರೆದ ಇಲ್ಲಿನ ಮ್ಯೂಸಿಯಂ 3,500 ವರ್ಷಗಳ ಗಾಜನ್ನು ಕಾಪಾಡಿಕೊಂಡಿದೆ. 1972ರಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ಶೆಮಂಗ್ ನದಿ ಉಕ್ಕಿ ಮ್ಯೂಸಿಯಂಗೆ ನುಗ್ಗಿತು. ಗಾಜು ಒಡೆಯಿತು, ಗ್ರಂಥಾಲಯ ಕೆಸರಾಯಿತು. ಸಿಬ್ಬಂದಿ ಒಂದೊಂದೇ ಚೂರು ಆಯ್ದು ಜೋಡಿಸಿದರು. ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದ ಕನ್ನಡಿಗೆಂದು 1934ರಲ್ಲಿ ಎರಕಹೊಯ್ದ 200 ಇಂಚಿನ ಗಾಜಿನ ಬಿಲ್ಲೆಯೂ ಇಲ್ಲಿದೆ. ಹೊಯ್ಯುವಾಗ ಅಚ್ಚಿನೊಳಗಿನ ಕೆಲವು ತುಂಡುಗಳು ಕಳಚಿ ಮೇಲೆ ತೇಲಿಬಂದು ಅದು ಕೆಟ್ಟಿತು. ಅದೇ ವರ್ಷ ಮತ್ತೊಂದನ್ನು ಹೊಯ್ದು, ತಿಂಗಳುಗಟ್ಟಲೆ ನಿಧಾನವಾಗಿ ತಣಿಸಿ, 1936ರಲ್ಲಿ ರೈಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. ಕೆಟ್ಟದ್ದನ್ನು ಬಿಸಾಡದೆ ಎಲ್ಲರ ಕಣ್ಣೆದುರು ಇಟ್ಟಿರುವುದಕ್ಕೆ ಈ ಮ್ಯೂಸಿಯಂ ಮೇಲೆ ನನಗೆ ಗೌರವ.

ಇಲ್ಲಿನ ಗಾಜು ಊದುವ ಪ್ರಾತ್ಯಕ್ಷಿಕೆಗೆ ಆದಷ್ಟೂ ಮುಂದಿನ ಸಾಲಿನಲ್ಲಿ ಕೂರಿ. ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆಯಲ್ಲಿ ಗಾಜು ಬೆಲ್ಲದ ಪಾಕದಂತೆ ಮಂದವಾಗಿರುತ್ತದೆ. ಉಕ್ಕಿನ ಊದುಗೊಳವೆಯ ತುದಿ ಅದ್ದಿ ತಿರುಗಿಸಿದರೆ ಒಂದು ಮುದ್ದೆ ಸುತ್ತಿಕೊಳ್ಳುತ್ತದೆ. ಆಮೇಲೆ ಕೊಳವೆ ತಿರುಗುತ್ತಲೇ ಇರಬೇಕು, ನಿಂತರೆ ಮುದ್ದೆ ಜೋತುಬೀಳುತ್ತದೆ. ಬೆಂಚಿನ ಮೇಲೆ ಕೂತ ಕುಶಲಕರ್ಮಿ ನೀರಲ್ಲಿ ನೆನೆಸಿ ಮಡಚಿದ ನ್ಯೂಸ್‌ಪೇಪರನ್ನು ಅಂಗೈಯಲ್ಲಿಟ್ಟುಕೊಂಡು, ಕೆಂಪಗೆ ಕಾದ ಗಾಜನ್ನು ಅದರ ಮೇಲೆ ಉರುಳಿಸಿ ಆಕಾರ ಕೊಡುತ್ತಾನೆ. ಕೈಗೂ ಬೆಂಕಿಗೂ ನಡುವೆ ಇರುವುದು ಹಬೆಯಾಡುವ ಆ ಒದ್ದೆ ಕಾಗದವೊಂದೇ.

ಕೊನೆಯ ಊರು ಒಹಾಯೊದ ಟೊಲಿಡೊ. ಕಾರ್ಖಾನೆಯನ್ನು ಇಲ್ಲಿಗೆ ಕರೆದದ್ದು ನೈಸರ್ಗಿಕ ಅನಿಲ. ಎಡ್ವರ್ಡ್ ಲಿಬ್ಬಿ 1888ರಲ್ಲಿ ಕೇಂಬ್ರಿಜ್‌ನ ತನ್ನ ಗಾಜಿನ ಕಾರ್ಖಾನೆಯನ್ನು ಇಲ್ಲಿಗೆ ಎತ್ತಿ ತಂದ, 1901ರಲ್ಲಿ ಕಲಾ ಮ್ಯೂಸಿಯಂ ಕಟ್ಟಿಸಲು ಮುಂದಾದ. ಅದರ ಗಾಜಿನ ಸಂಗ್ರಹ ಈಗ ಪೂರಾ ಗಾಜಿನ ಗೋಡೆಗಳದೇ ಒಂದು ಕಟ್ಟಡದಲ್ಲಿದೆ. ಪ್ರವೇಶಕ್ಕೆ ಹಣವಿಲ್ಲ. ಈ ಮ್ಯೂಸಿಯಂ ಆವರಣದ ಗ್ಯಾರೇಜೊಂದರಲ್ಲಿ 1962ರಲ್ಲಿ ಹಾರ್ವೆ ಲಿಟಲ್ಟನ್ ಪುಟ್ಟ ಕುಲುಮೆ ಹೂಡಿ ಕಮ್ಮಟ ನಡೆಸಿದ. ಅಲ್ಲಿಯವರೆಗೆ ಗಾಜು ಊದುವುದು ಕಾರ್ಖಾನೆಯ ತಂಡದ ಕೆಲಸ. ಒಬ್ಬ ಕಲಾವಿದ ತನ್ನ ಕುಲುಮೆಯಲ್ಲಿ ತಾನೇ ಮಾಡಬಹುದು ಎಂಬುದು ಅವನ ಹಟ. ಮೊದಲ ಕರಗುವಿಕೆ ಕೆಟ್ಟಿತು. ಗಾಜಿನ ತಂತ್ರಜ್ಞ ಡೊಮಿನಿಕ್ ಲಬೀನೊ ಗಾಜಿನ ಗೋಲಿಗಳನ್ನು ಕರಗಿಸಲು ಕೊಟ್ಟ ಮೇಲೆ ಕೈಗೂಡಿತು. ಈ ಹಾರ್ವೆ ಹುಟ್ಟಿದ್ದು ಕಾರ್ನಿಂಗ್‌ನಲ್ಲಿ. ಅವನ ತಂದೆ ಅಲ್ಲಿನ ಗಾಜಿನ ಕಂಪನಿಯ ಭೌತವಿಜ್ಞಾನಿ. 1913ರಲ್ಲಿ ತಾಯಿ ಬೆಸ್ಸಿ, ಕತ್ತರಿಸಿದ ಗಾಜಿನ ಬ್ಯಾಟರಿ ಜಾಡಿಯ ತಳದಲ್ಲಿ ಕೇಕ್ ಬೇಯಿಸಿ ನೋಡಿದ್ದೇ ಒಲೆಯ ಬಿಸಿ ತಾಳುವ ಪೈರೆಕ್ಸ್ ಪಾತ್ರೆಗಳಿಗೆ ದಾರಿಯಾಯಿತು.

ವಾರದ ಮೊದಲ ದಿನಗಳಲ್ಲಿ, ಚಳಿಗಾಲದಲ್ಲಿ ಈ ಮ್ಯೂಸಿಯಂಗಳಲ್ಲಿ ಕೆಲವು ಮುಚ್ಚಿರುತ್ತವೆ, ಸಮಯ ವಿಚಾರಿಸಿಕೊಂಡು ಹೊರಡಿ. ವಾರ ಬಿಡುವಿಲ್ಲದವರು ನಯಾಗರಾಕ್ಕೆ ಹೋಗುವಾಗ ಕಾರ್ನಿಂಗ್‌ನಲ್ಲಿ ಒಂದು ರಾತ್ರಿ ತಂಗಿ. ಅಲ್ಲಿ ನೀವೂ ಊದಿ ಒಂದು ಗಾಜಿನ ವಸ್ತು ಮಾಡಬಹುದು, ಮಕ್ಕಳಿಗೂ ಅವಕಾಶವಿದೆ. ಬಿಸಿಗಾಜನ್ನು ರಾತ್ರಿಯಿಡೀ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸದಿದ್ದರೆ ಸೀಳುತ್ತದೆ. ಹಾಗಾಗಿ ನೀವು ಮಾಡಿದ್ದು ನಿಮ್ಮ ಕೈಸೇರುವುದು ಮರುದಿನವೇ.